ತೋರಿಸುವ ಕಣವೇ ಮದ್ದನ್ನೂ ಒಯ್ಯುವುದೇ?

ಪ್ರಶ್ನೆ: ನನ್ನ ಅಕ್ಕ ಸ್ತನ ಕ್ಯಾನ್ಸರಿಗೆ ಕಿಮೋಥೆರಪಿ ಪಡೆಯುತ್ತಿದ್ದಾರೆ. ಗಡ್ಡೆಯನ್ನು ಸ್ಕ್ಯಾನಿನಲ್ಲಿ ತೋರಿಸುತ್ತಲೇ ಔಷಧವನ್ನೂ ಅಲ್ಲಿಗೆ ತಲುಪಿಸುವ ಪಾಲಿಮರ್ ನ್ಯಾನೊಕಣಗಳ ಬಗ್ಗೆ ಓದಿದೆ. ಅವು ಹೇಗೆ ಕೆಲಸ ಮಾಡುತ್ತವೆ? ಈಗ ಸಿಗುತ್ತವೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಎರಡನೆಯ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ. ಸ್ತನ ಕ್ಯಾನ್ಸರಿಗೆ ವೈದ್ಯರು ಚೀಟಿ ಬರೆದುಕೊಡಬಹುದಾದ ಇಂಥ ಜೋಡಿ ಕಣ ಇನ್ನೂ ಬಂದಿಲ್ಲ. ಅದಕ್ಕಾಗಿ ಕಾಯುತ್ತ ಈಗಿನ ಚಿಕಿತ್ಸೆಯನ್ನು ಮುಂದೂಡುವುದು ಬೇಡ.

ಶಸ್ತ್ರಚಿಕಿತ್ಸೆಯ ನಂತರ ಬಿಚ್ಚಬೇಕಿಲ್ಲದೆ ತಾನೇ ಕರಗುವ ಹೊಲಿಗೆ ದಾರವನ್ನು ನೀವು ನೋಡಿರಬಹುದು. ಅಂಥ ದಾರಗಳಲ್ಲಿ ಬಳಸುವ ಪಿಎಲ್‌ಜಿಎ ಎಂಬ ಪಾಲಿಮರಿನಿಂದಲೇ (ಸಣ್ಣ ಅಣುಗಳು ಸರಪಳಿಯಂತೆ ಕೊಂಡಿಯಾದ ವಸ್ತು) ಕೂದಲೆಳೆಯ ದಪ್ಪದ ಸುಮಾರು ಸಾವಿರದಲ್ಲೊಂದು ಪಾಲಿನಷ್ಟು, ಅಂದರೆ 100 ನ್ಯಾನೊಮೀಟರಿನ ಆಸುಪಾಸಿನ ಕಣಗಳನ್ನು ಮಾಡಿ, ಒಳಗೆ ಔಷಧವನ್ನೂ ಎಂಆರ್‌ಐನಲ್ಲಿ ಕಪ್ಪಾಗಿ ಕಾಣುವ ಕಬ್ಬಿಣದ ಆಕ್ಸೈಡನ್ನೂ ತುಂಬುತ್ತಾರೆ. ದೇಹದ ನೀರಿನಂಶದಲ್ಲಿ ಪಾಲಿಮರ್ ಮೆಲ್ಲಗೆ ತುಂಡಾಗುತ್ತಿದ್ದಂತೆ ಔಷಧ ಹೊರಬರುತ್ತದೆ.

ಗಡ್ಡೆಯ ರಕ್ತನಾಳಗಳು ಸೋರುತ್ತವೆ, ಅಂಗಾಂಶದ ಹೆಚ್ಚುವರಿ ದ್ರವವನ್ನು ಹೊರಸಾಗಿಸುವ ದುಗ್ಧರಸದ ಹರಿವೂ ಅಲ್ಲಿ ಸರಿಯಿರುವುದಿಲ್ಲ. ಹೀಗಾಗಿ ದೊಡ್ಡ ಅಣುಗಳು ಒಳನುಗ್ಗಿ ಅಲ್ಲೇ ಉಳಿಯುತ್ತವೆ ಎಂದು 1986ರಲ್ಲಿ ಜಪಾನಿನ ವಿಜ್ಞಾನಿಗಳಾದ ಮತ್ಸುಮುರಾ ಮತ್ತು ಮಯೆದಾ ತೋರಿಸಿದರು. ನ್ಯಾನೊಕಣಗಳೂ ಗಡ್ಡೆಯಲ್ಲಿ ಸೇರಿಯಾವು ಎಂಬ ನಿರೀಕ್ಷೆಗೆ ಇದೇ ಆಧಾರ. ಮಯೆದಾ ಅವರ ಸ್ಮಾಂಕ್ಸ್ ಎಂಬ ಔಷಧವೇ ನಿಮ್ಮ ಪ್ರಶ್ನೆಗೆ ಒಳ್ಳೆಯ ಉದಾಹರಣೆ. ಅದು ಕಣವಲ್ಲ, ಪಾಲಿಮರಿಗೆ ಜೋಡಿಸಿದ ಕ್ಯಾನ್ಸರ್ ಔಷಧ. ಅದನ್ನು ಅಯೋಡಿನ್ ಸೇರಿಸಿದ ಗಸಗಸೆ ಎಣ್ಣೆಯಲ್ಲಿ ಕದಡಿ, ಯಕೃತ್ತಿನ ಅಪಧಮನಿಗೆ ಸಣ್ಣ ನಳಿಕೆಯ ಮೂಲಕ ಬಿಡುತ್ತಿದ್ದರು. ಎಣ್ಣೆ ಗಡ್ಡೆಯಲ್ಲಿ ನಿಂತು ಸಿಟಿ ಸ್ಕ್ಯಾನಿನಲ್ಲಿ ಬೆಳ್ಳಗೆ ಕಾಣುತ್ತಿದ್ದುದರಿಂದ ಮದ್ದು ಎಲ್ಲಿ ಸೇರಿತೆಂಬುದು ಕಣ್ಣಿಗೇ ತಿಳಿಯುತ್ತಿತ್ತು. ಯಕೃತ್ತಿನ ಕ್ಯಾನ್ಸರಿಗೆ ಜಪಾನ್ ಇದಕ್ಕೆ 1993ರಲ್ಲಿ ಒಪ್ಪಿಗೆ ನೀಡಿತು.

ಆದರೆ ಅದು ಗಡ್ಡೆಯ ಬಾಗಿಲಿಗೇ ಒಯ್ದು ಸುರಿದ ಮದ್ದು. ಕೈಯ ರಕ್ತನಾಳಕ್ಕೆ ಚುಚ್ಚಿದ ಕಣಗಳ ಕಥೆ ಬೇರೆ: ಬಹುಪಾಲನ್ನು ಯಕೃತ್ತು, ಗುಲ್ಮಗಳೇ ಹಿಡಿದಿಟ್ಟುಕೊಳ್ಳುತ್ತವೆ. ಹತ್ತು ವರ್ಷಗಳ ಪ್ರಾಣಿಪ್ರಯೋಗಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ ಚುಚ್ಚಿದ ಪ್ರಮಾಣದಲ್ಲಿ ಗಡ್ಡೆಗೆ ತಲುಪುವ ಪಾಲಿನ ಮಧ್ಯಾಂಕ (ಎಲ್ಲ ಫಲಿತಾಂಶಗಳನ್ನು ಏರಿಕೆ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವ ಸಂಖ್ಯೆ) ಶೇ. 0.7 ಮಾತ್ರ. ಇನ್ನೊಂದು ತೊಡಕೂ ಇದೆ. ಚಿತ್ರ ಸ್ಪಷ್ಟವಾಗಬೇಕಾದರೆ ಸುತ್ತಲಿನ ರಕ್ತದಿಂದ ಕಣ ಬೇಗ ತೊಲಗಬೇಕು, ಔಷಧ ಸೇರಬೇಕಾದರೆ ಅದೇ ಕಣ ರಕ್ತದಲ್ಲಿ ಬಹಳ ಹೊತ್ತು ಸುತ್ತುತ್ತಿರಬೇಕು. ಆದ್ದರಿಂದ ಮೊದಲು ಚಿತ್ರದ ಕಣವನ್ನಷ್ಟೇ ಕೊಟ್ಟು, ಯಾರ ಗಡ್ಡೆ ಅದನ್ನು ಚೆನ್ನಾಗಿ ಹೀರುತ್ತದೋ ಅವರಿಗೆ ಮಾತ್ರ ಔಷಧದ ಕಣ ಕೊಡುವ ದಾರಿಯೇ ನನಗೆ ಹೆಚ್ಚು ಸಾಧುವೆನಿಸುತ್ತದೆ.

ನಿಮ್ಮ ಅಕ್ಕನವರಿಗೆ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕಿಮೋಥೆರಪಿ ಔಷಧ ಕೊಡುತ್ತಿದ್ದರೆ, ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನಿಗೆ ಅದನ್ನು ಜೋಡಿಸಿದ ನ್ಯಾನೊಕಣದ ರೂಪ ಭಾರತದಲ್ಲೂ ಸಿಗುತ್ತದೆ. ಅದು ಚಿತ್ರ ತೋರಿಸದು, ಔಷಧವನ್ನಷ್ಟೇ ಒಯ್ಯುತ್ತದೆ. ಅವರಿಗೆ ಅದು ಹೊಂದುವುದೇ ಎಂಬುದನ್ನು ಚಿಕಿತ್ಸೆ ನೀಡುತ್ತಿರುವ ವೈದ್ಯರಲ್ಲೇ ವಿಚಾರಿಸಿ.