ಮನೇಲಿ ಹೇಳಿ ಬಂದಿದ್ದೀಯಾ?

*ನನಗೆ 39 ವರ್ಷ. ಬೆಂಗಳೂರಿನ ಕತ್ರಿಗುಪ್ಪೆಯಲ್ಲಿ ಮನೆ, ಜಯನಗರದಲ್ಲಿ ಕೆಲಸ. 2021ರಿಂದ ಸೈಕಲ್‌ನಲ್ಲೇ ಓಡಾಡುತ್ತಿದ್ದೇನೆ. ಶುಗರ್ ಹತೋಟಿಗೆ ಬಂದಿದೆ, ಮನಸ್ಸೂ ಹಗುರವಾಗಿದೆ. ಹಾರ್ನ್, ಬೈಗುಳ ಮೊದಲಿನಿಂದಲೂ ಇತ್ತು. ಸಹಿಸಿಕೊಂಡೇ ಬಂದೆ.*

*ಹೋದ ತಿಂಗಳು ಒಂದು ಶನಿವಾರ 12 ವರ್ಷದ ಮಗಳನ್ನು ಸಂಗೀತದ ಕ್ಲಾಸಿಗೆ ಕರೆದುಕೊಂಡು ಹೋಗುತ್ತಿದ್ದೆ. ಅವಳು ತನ್ನ ಸೈಕಲ್‌ನಲ್ಲಿ ನನ್ನ ಹಿಂದೆ ಬರುತ್ತಿದ್ದಳು. ಎಡಗಡೆ ಸಾಲಾಗಿ ಕಾರುಗಳು ನಿಂತಿದ್ದವು. ಹಿಂದಿನಿಂದ ಒಬ್ಬ ಹಾರ್ನ್ ಒತ್ತಿಕೊಂಡೇ ಬಂದು, ನನ್ನ ಹ್ಯಾಂಡಲ್‌ಗೆ ತಾಗುವಷ್ಟು ಹತ್ತಿರದಲ್ಲಿ ಕಾರು ನುಗ್ಗಿಸಿದ. ಕಿಟಕಿ ಇಳಿಸಿ, "ಮನೇಲಿ ಹೇಳಿ ಬಂದಿದ್ದೀಯಾ?" ಅಂತ ಕೂಗಿ, ಜೊತೆಗೆ ಕೊಳಕು ಮಾತೊಂದನ್ನು ಆಡಿದ. ಮುಂದಿನ ಸಿಗ್ನಲ್‌ನಲ್ಲಿ ಅವನ ಕಾರು ಸಿಕ್ಕಿತು. ಡಿಕ್ಕಿ ಮೇಲೆ ಬಲವಾಗಿ ಹೊಡೆದೆ. ಅವನ ತಾಯಿಯನ್ನು ಹಿಡಿದು ಬೈದೆ. ಅಂಥ ಮಾತು ನನ್ನ ಬಾಯಿಂದ ಯಾವತ್ತೂ ಬಂದಿರಲಿಲ್ಲ. ಅವನು ಇಳಿದು ಬಂದು ನನ್ನ ಹ್ಯಾಂಡಲ್ ಹಿಡಿದು ನಿಂತ. ಪಕ್ಕದಲ್ಲಿದ್ದ ಆಟೋದವರು ಮಧ್ಯೆ ಬಂದು ಕಳಿಸಿದರು.*

*ರಾತ್ರಿ ಮಲಗುವಾಗ ಮಗಳು ಕೇಳಿದಳು, "ಅಮ್ಮಾ, ಆ ಪದದ ಅರ್ಥ ಏನು?" ನಾನು ಉತ್ತರ ಕೊಡಲಿಲ್ಲ. "ಅಪ್ಪಂಗೆ ಹೇಳಬೇಡ" ಅಂದೆ. ಗೊತ್ತಾದರೆ ಯಜಮಾನರು ಸೈಕಲ್ ಬಿಡಿಸುತ್ತಾರೆ, ಸ್ಕೂಟರ್ ತಗೋ ಅಂತ ಮೊದಲೇ ಹೇಳುತ್ತಿರುತ್ತಾರೆ. ಈಗ ಹಿಂದೆ ಕಾರಿನ ಸದ್ದು ಕೇಳಿದರೂ ಕೈ ಬೆವರುತ್ತದೆ. ಸೈಕಲ್ ಬಿಟ್ಟುಬಿಡಲಾ?*

— ಒಬ್ಬ ಓದುಗರು, ಬೆಂಗಳೂರು

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಕಾರಿನವನ ವಿಷಯ ಆಮೇಲೆ ಬರೆಯುತ್ತೇನೆ. ಮೊದಲು ನಿಮ್ಮ ಕೈ ಬೆವರುವ ವಿಷಯ.

ಅಂದು ನಿಮಗೆ ಬಂದದ್ದು ಬರೀ ಸಿಟ್ಟಲ್ಲ. ಒಂದು ಟನ್ ತೂಕದ ಗಾಡಿ ನಿಮ್ಮ ಮೈಗೆ ಒರಸಿಕೊಂಡು ಹೋಯಿತು. ಹಿಂದೆ ಮಗಳಿದ್ದಳು. ಅವಳ ಪಕ್ಕದಲ್ಲೂ ಅವನು ಹಾಗೇ ಹೋಗಿದ್ದ. ಆ ಕ್ಷಣಕ್ಕೆ ಎದೆ ಹೊಡೆದುಕೊಂಡದ್ದು ಭಯದಿಂದ. ಭಯಕ್ಕೆ ಹೋಗಲು ದಾರಿ ಸಿಗದಿದ್ದಾಗ ಅದು ಕೈಗೆ, ಬಾಯಿಗೆ ಬರುತ್ತದೆ. ನೀವು ಕೆಟ್ಟವರಾಗಿಬಿಟ್ಟಿರಿ ಅಂತ ಅಲ್ಲ.

ನಾನೂ ಮೈಸೂರಿನಲ್ಲಿ ಆರು ವರ್ಷ ಕೆಲಸಕ್ಕೆ ಸೈಕಲ್ ತುಳಿದವಳು. ಒಂದು ಸಂಜೆ ವ್ಯಾನಿನವನೊಬ್ಬ ನನ್ನನ್ನು ರಸ್ತೆಯಂಚಿನ ಮರಳಿಗೆ ತಳ್ಳಿ, ಬೈದು ಹೋದ. ಮೊಣಕೈ ತರಚಿತ್ತು ಅಷ್ಟೇ. ಆದರೆ ರಾತ್ರಿ ರೊಟ್ಟಿ ತಟ್ಟುವಾಗಲೂ ಅವನಿಗೆ ಕೊಡಬೇಕಿದ್ದ ಉತ್ತರವೇ ಬಾಯಲ್ಲಿ. ಒಂದು ರೊಟ್ಟಿ ಹೆಂಚಿನ ಮೇಲೆ ಕರಿಯಾಗಿ ಹೋಯಿತು. ಅವನು ಅಷ್ಟೊತ್ತಿಗೆ ಮನೆ ಸೇರಿ ಊಟ ಮಾಡಿರುತ್ತಾನೆ. ನಾನು ಮಾತ್ರ ಅವನ ಜೊತೆ ಇನ್ನೂ ರಸ್ತೆಯಲ್ಲೇ ಇದ್ದೆ. ನಿಮ್ಮ ಪತ್ರ ಓದುವಾಗ ಆ ಸುಟ್ಟ ವಾಸನೆ ನೆನಪಾಯಿತು.

"ಮನೇಲಿ ಹೇಳಿ ಬಂದಿದ್ದೀಯಾ?" ಬೆಂಗಳೂರಿನ ರಸ್ತೆಯಲ್ಲಿ ಇದನ್ನು ಕೇಳಿಸಿಕೊಳ್ಳದವರೇ ಇಲ್ಲ. ಸಾಯೋಕೆ ಬಂದಿದ್ದೀಯಾ, ಮನೆಯವರಿಗೆ ವಿದಾಯ ಹೇಳಿ ಬಂದಿದ್ದೀಯಾ ಅಂತ ಅದರ ಅರ್ಥ. ಹೆಂಗಸರಿಗೆ ಹೇಳಿದಾಗ ಅದರಲ್ಲಿ ಇನ್ನೊಂದು ಚುಚ್ಚು ಸೇರಿಕೊಳ್ಳುತ್ತದೆ. ಯಾರ ಅನುಮತಿ ಪಡೆದು ಹೊರಗೆ ಬಂದೆ ಅನ್ನುವ ಧಾಟಿ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ಬೇರೆ. ಆದದ್ದನ್ನು ನೀವು ನಿಜವಾಗಿಯೂ ಮನೆಯಲ್ಲಿ ಹೇಳಿಲ್ಲ. 12 ವರ್ಷದ ಹುಡುಗಿಯೊಬ್ಬಳು ಒಂದು ತಿಂಗಳಿಂದ ಅದನ್ನು ಒಬ್ಬಳೇ ಹೊಟ್ಟೆಯಲ್ಲಿಟ್ಟುಕೊಂಡಿದ್ದಾಳೆ. ಸೈಕಲ್ ಬಿಡಬೇಕೋ ಬೇಡವೋ ಅನ್ನುವುದಕ್ಕಿಂತ ಮೊದಲು ಇದು ಸರಿಹೋಗಬೇಕು.

ಇವತ್ತೇ ಮಗಳ ಹತ್ತಿರ ಕೂತುಕೊಳ್ಳಿ. ಆ ಪದದ ಅರ್ಥ ಹೇಳಿ. ಅವಳಿಗೆ ಶಾಲೆಯಲ್ಲಿ ಅರ್ಧಂಬರ್ಧ ಗೊತ್ತಾಗುವುದಕ್ಕಿಂತ ನಿಮ್ಮಿಂದ ಗೊತ್ತಾಗಲಿ. "ಅದು ಹೆಣ್ಣಿನ ಮೇಲೆ ಆಡುವ ಕೆಟ್ಟ ಮಾತು. ಅವನ ಮೇಲಿನ ಸಿಟ್ಟಿಗೆ ಅಲ್ಲಿ ಇಲ್ಲದೇ ಇದ್ದ ಅವನ ಅಮ್ಮನಿಗೆ ಬೈದೆ. ತುಂಬಾ ಹೆದರಿದ್ದೆ, ಆದರೂ ಹಾಗೆ ಅನ್ನಬಾರದಿತ್ತು" ಅನ್ನಿ. ಇಷ್ಟು ಸಾಕು. ಆಮೇಲೆ "ಅಪ್ಪಂಗೆ ಹೇಳಬೇಡ ಅಂದದ್ದು ನನ್ನ ತಪ್ಪು, ನಾನೇ ಹೇಳುತ್ತೇನೆ" ಅನ್ನಿ. ಅವಳಿಗೂ ಅಂದು ಏನನಿಸಿತು ಅಂತ ಕೇಳಿ. ಹೆದರಿದ್ದಳಾ, ನಿಮ್ಮ ಬಗ್ಗೆ ಹೆಮ್ಮೆಪಟ್ಟಳಾ, ನಾಚಿಕೊಂಡಳಾ? ಮೂರೂ ಇರಬಹುದು. ಮಾತು ಬರದಿದ್ದರೆ ಸುಮ್ನೆ ಪಕ್ಕದಲ್ಲಿರಿ.

ಇನ್ನು ಯಜಮಾನರು. ಅವರು ಸ್ಕೂಟರ್ ತಗೋ ಅನ್ನುವುದು ನಿಮ್ಮ ಮೇಲಿನ ಕಾಳಜಿಯಿಂದ ಅಂತಲೇ ಅಂದುಕೊಳ್ಳೋಣ. ಆದರೆ ಈ ಬೈಗುಳ ಸ್ಕೂಟರ್ ಓಡಿಸುವ ಹೆಂಗಸರಿಗೂ ತಪ್ಪಿದ್ದಲ್ಲ ಅಲ್ವಾ? ಅವರಿಗೆ ಮುಚ್ಚಿಟ್ಟರೆ ನಾಳೆ ಮಗಳ ಬಾಯಿಂದಲೋ ಪಕ್ಕದ ಮನೆಯವರಿಂದಲೋ ಗೊತ್ತಾಗುತ್ತದೆ. ಆಗ ಸೈಕಲ್ ಜೊತೆ ನಂಬಿಕೆಯೂ ಹೋಗುತ್ತದೆ. ನೀವೇ ಹೇಳಿ. ಹೇಳಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅವರಿಗೂ ಒಂದು ಸೈಕಲ್ ಹೊಂದಿಸಿ, ನಿಮ್ಮ ಕೆಲಸದ ದಾರಿಯಲ್ಲಿ ಜೊತೆಗೆ ತುಳಿಯಿರಿ. ಎಲ್ಲಿ ಕಿರಿದಾಗುತ್ತದೆ, ಎಲ್ಲಿ ಮ್ಯಾನ್‌ಹೋಲ್ ಮುಚ್ಚಳ ಮೇಲೆದ್ದಿದೆ, ಯಾವ ಒಳರಸ್ತೆಯಲ್ಲಿ ಮರದ ನೆರಳಿದೆ ಅಂತ ತೋರಿಸಿ. ದೂರದಲ್ಲಿ ಕೂತು ಕಲ್ಪಿಸಿಕೊಳ್ಳುವ ರಸ್ತೆ ಯಾವಾಗಲೂ ಜಾಸ್ತಿ ಭಯಂಕರ.

ಒಂದು ಮಾತು ಹೇಳಲೇಬೇಕು. ಇದು ನಿಮ್ಮೊಬ್ಬರ ಮೇಲಿನ ದ್ವೇಷ ಅಲ್ಲ. ನಮ್ಮಲ್ಲಿ ಸೈಕಲ್ ಅಂದರೆ ಕಾಸಿಲ್ಲದವರ ಗಾಡಿ ಅನ್ನುವ ಭಾವನೆ ಬೇರೂರಿದೆ. ರಾತ್ರಿ ಪಾಳಿ ಮುಗಿಸಿ ಬರುವ ಸೆಕ್ಯುರಿಟಿ ಗಾರ್ಡ್, ಪೇಪರ್ ಹಾಕುವ ಹುಡುಗ, ಹಿಂದೆ ಬುತ್ತಿ ಕಟ್ಟಿಕೊಂಡು ಹೋಗುವ ಗಾರೆ ಕೆಲಸದವರು, ಇವರೆಲ್ಲ ದಿನಾ ಇದೇ ಮಾತು ತಿಂದುಕೊಂಡು ಹೋಗುತ್ತಾರೆ. ಅವರಿಗೆ "ಸ್ಕೂಟರ್ ತಗೋ" ಅನ್ನುವವರೂ ಇಲ್ಲ. ಹಿಂದೆ ಹೀಗಿರಲಿಲ್ಲ. ನಮ್ಮಪ್ಪ ದಾವಣಗೆರೆಯಲ್ಲಿ ಹತ್ತಿ ಗಿರಣಿಗೆ ಸೈಕಲ್‌ನಲ್ಲಿ ಹೋಗುತ್ತಿದ್ದರು. ಪಾಳಿ ಬಿಟ್ಟರೆ ರಸ್ತೆ ತುಂಬಾ ಸೈಕಲ್ಲೇ. ಡೈನಮೋ ಇದ್ದ ಸೈಕಲ್‌ಗೆ ಮರ್ಯಾದೆಯೇ ಬೇರೆ. "ರಸ್ತೆ ಟ್ಯಾಕ್ಸ್ ಕಟ್ಟಿದ್ದೀಯಾ" ಅಂತ ಯಾರಾದರೂ ಕೇಳಿದರೆ ನನಗೆ ಅಪ್ಪನ ಸೈಕಲ್‌ಗೆ ಸಿಕ್ಕಿಸಿದ್ದ ಬಿಲ್ಲೆ ನೆನಪಾಗುತ್ತದೆ. ಆಗ ಪುರಸಭೆಗೆ ಸೈಕಲ್‌ಗೂ ಲೈಸೆನ್ಸ್ ಹಣ ಕಟ್ಟಬೇಕಿತ್ತು. ಕಟ್ಟಿದ್ದಕ್ಕೆ ಗುರುತು ಆ ತಗಡಿನ ಬಿಲ್ಲೆ. ಈಗ ಸೈಕಲ್‌ಗೆ ನೋಂದಣಿ ಬೇಡ, ಲೈಸೆನ್ಸ್ ಬೇಡ. ಆದರೂ ನಿಮ್ಮ ಬೀದಿಯ ಡಾಂಬರಿನಲ್ಲಿ ನೀವು ಕಟ್ಟುವ ಮನೆ ತೆರಿಗೆಯ ಪಾಲಿದೆ. ಆ ರಸ್ತೆ ಕಾರಿನವನದಷ್ಟೇ ನಿಮ್ಮದು.

ಬೆಂಗಳೂರು ಸೈಕಲ್‌ಗೆ ಜಾಗ ಕೊಡಲು ಪ್ರಯತ್ನವನ್ನೇ ಮಾಡಲಿಲ್ಲ ಅಂತಲೂ ಅಲ್ಲ. ನೀವು ಕೆಲಸಕ್ಕೆ ಹೋಗುವ ಜಯನಗರದಲ್ಲೇ ಸೈಕಲ್ ಪಥದ ಗೆರೆ ಎಳೆದಿದ್ದರು. ಅದರ ಮೇಲೆ ಕಾರುಗಳು ನಿಂತವು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಸೈಕಲ್ ಪಥ ಮಾಡಿದರು. ಅದರೊಳಗೆ ಬೈಕ್‌ಗಳು ನುಗ್ಗಿದವು. ಜಾಗವನ್ನು ಕಾಯುವವರು ಇಲ್ಲದಿದ್ದಾಗ ಪ್ರತಿ ದಿನ, ಪ್ರತಿ ತಿರುವಿನಲ್ಲಿ ಸೈಕಲ್‌ನವರೇ ಮೈಯೊಡ್ಡಿ ಜಾಗ ಕೇಳಬೇಕಾಗುತ್ತದೆ. ನಿಮಗೆ ಸುಸ್ತಾಗಿರುವುದು ಅದಕ್ಕೇ.

ಈಗ ಕಾರಿನವನು. ನನ್ನ ಲೆಕ್ಕದಲ್ಲಿ ಬಾಯಿಂದ ಬರುವುದು ಬೇರೆ, ಗಾಡಿಯಿಂದ ಬರುವುದು ಬೇರೆ. ಹಾರ್ನ್ ನಮ್ಮೂರಲ್ಲಿ ಎಷ್ಟೋ ಸಲ "ಬರ್ತಿದ್ದೀನಿ" ಅಂತ ಹೇಳುವ ಅಭ್ಯಾಸ ಅಷ್ಟೇ. ಲಾರಿ ಹಿಂದೆ ಹಾರ್ನ್ ಮಾಡಿ ಅಂತ ಬರೆಸಿಕೊಂಡಿರುವ ದೇಶ ಇದು. ಪ್ರತಿ ಹಾರ್ನನ್ನೂ ಬೈಗುಳ ಅಂದುಕೊಂಡರೆ ಮನೆ ಸೇರುವಷ್ಟರಲ್ಲಿ ಜೀವ ಹಣ್ಣಾಗುತ್ತದೆ. ಬೈಗುಳಕ್ಕೂ ಉತ್ತರ ಬೇಡ. ಹೇಡಿತನ ಅಂತ ಅಂದುಕೊಳ್ಳಬೇಡಿ. ಅವನು ಗಾಜಿನ ಹಿಂದೆ, ಕಬ್ಬಿಣದೊಳಗೆ ಕೂತಿದ್ದಾನೆ. ನೀವು ಬಯಲಲ್ಲಿದ್ದೀರಿ. ಜಗಳದಲ್ಲಿ ಅವನಿಗೆ ಹೋಗುವುದು ಐದು ನಿಮಿಷ. ನಿಮಗೆ ಏನೇನು ಹೋಗಬಹುದು ಅಂತ ಯೋಚಿಸಿ. ಬಲಗೈ ಬದಿಗೆ ಚಾಚಿ, ಅಂಗೈ ಕೆಳಗೆ ಮಾಡಿ "ನಿಧಾನ" ಅಂತ ತೋರಿಸಿ, ಮುಂದೆ ನೋಡಿ. ಎದೆ ಇನ್ನೂ ಹೊಡೆದುಕೊಳ್ಳುತ್ತಿದ್ದರೆ ಇಳಿದುಬಿಡಿ. ಎಳನೀರಿನವರ ಹತ್ತಿರವೋ ಅಂಗಡಿ ಮುಂದೆಯೋ ನಿಂತು ನೀರು ಕುಡಿಯಿರಿ. ಮೈ ಶಾಂತವಾಗಲು ಹೊತ್ತು ಬೇಕು. ಆ ಹೊತ್ತಲ್ಲಿ ಸೈಕಲ್ ತುಳಿಯುವುದು ಅಪಾಯ.

ಗಾಡಿಯನ್ನೇ ಆಯುಧ ಮಾಡಿದರೆ ಮಾತ್ರ ಬಿಡಬೇಡಿ. ಅವನು ಮಾಡಿದ್ದು ಬರೀ ಒರಟುತನ ಅಲ್ಲ. ಅಪಾಯವಾಗುವಂತೆ ಓವರ್‌ಟೇಕ್ ಮಾಡುವುದು ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್‌ಗೆ ಬರುತ್ತದೆ. ಹ್ಯಾಂಡಲ್ ಹಿಡಿದು ನಿಮ್ಮನ್ನು ಹೋಗಲು ಬಿಡದೆ ನಿಂತದ್ದು ಭಾರತೀಯ ನ್ಯಾಯ ಸಂಹಿತೆಯ 126ನೇ ಸೆಕ್ಷನ್ ಪ್ರಕಾರ ಅಕ್ರಮ ತಡೆ. ಹೆಣ್ಣಿನ ಮಾನಕ್ಕೆ ಧಕ್ಕೆ ತರುವ ಮಾತಿಗೆ ಅದೇ ಸಂಹಿತೆಯ 79ನೇ ಸೆಕ್ಷನ್ ಇದೆ. ಕಾರಿನ ನಂಬರ್ ನೆನಪಿದ್ದರೆ ಠಾಣೆಗೆ ಹೋಗಿ ಲಿಖಿತ ದೂರು ಕೊಡಿ. ನೀವು ಕಾರಿಗೆ ಹೊಡೆದದ್ದನ್ನು, ಬೈದದ್ದನ್ನು ಬಚ್ಚಿಡಬೇಡಿ. ಅವನು ಅದನ್ನೇ ಮುಂದಿಟ್ಟು ಪ್ರತಿದೂರು ಕೊಡಬಹುದು, ಗೊತ್ತಿರಲಿ. ಮುಂದೆ ಯಾವತ್ತಾದರೂ ಯಾರಾದರೂ ಅಡ್ಡಗಟ್ಟಿದರೆ, ಹಿಂಬಾಲಿಸಿದರೆ, ಜನ ಇರುವ ಅಂಗಡಿಯೊಳಗೆ ಹೋಗಿ 112ಕ್ಕೆ ಫೋನ್ ಮಾಡಿ. ಮನೆ ಕಡೆ ಮಾತ್ರ ತಿರುಗಬೇಡಿ. ಅವನಿಗೆ ನಿಮ್ಮ ಮನೆ ಗೊತ್ತಾಗಬಾರದು.

ಸೈಕಲ್ ತುಳಿಯುವ ರೀತಿಯಲ್ಲೂ ಸ್ವಲ್ಪ ಬದಲಾವಣೆ ಮಾಡಿಕೊಳ್ಳಿ. ನೀವು ಪಾಪ, ಯಾರಿಗೂ ತೊಂದರೆಯಾಗದಿರಲಿ ಅಂತ ಅಂಚಿಗೆ ಅಂಟಿಕೊಂಡೇ ಹೋಗುತ್ತಿರಬಹುದು. ನಾನೂ ಹಾಗೇ ಹೋಗುತ್ತಿದ್ದೆ. ಅಂಚಿಗೆ ಹೋದಷ್ಟೂ ಹಿಂದಿನವನಿಗೆ "ಜಾಗ ಇದೆ, ನುಗ್ಗಬಹುದು" ಅನಿಸುತ್ತದೆ. ನಿಂತ ಕಾರುಗಳಿಂದ ಒಂದು ಮೀಟರಾದರೂ ದೂರ ಇರಿ. ಯಾವ ಬಾಗಿಲು ಯಾವಾಗ ತೆರೆಯುತ್ತದೋ ಹೇಳಲಾಗದು. ರಸ್ತೆ ಕಿರಿದಾಗುವ ಕಡೆ ಮುಂಚೆಯೇ ಹಿಂದೆ ತಿರುಗಿ ನೋಡಿ, ಕೈ ತೋರಿಸಿ, ಸ್ವಲ್ಪ ಮಧ್ಯಕ್ಕೆ ಬಂದುಬಿಡಿ. ದಾಟಿದ ಮೇಲೆ ಎಡಕ್ಕೆ ಸರಿಯಿರಿ. ಆ ತಿರುಗಿ ನೋಡುವುದಿದೆಯಲ್ಲ, ಅದರಲ್ಲಿ ದೊಡ್ಡ ಗುಟ್ಟಿದೆ. ಮುಖ ಕಂಡ ಮೇಲೆ ನೀವು ಅವರಿಗೆ ಬರೀ ಅಡ್ಡ ಬಂದ ಸೈಕಲ್ ಆಗಿರುವುದಿಲ್ಲ, ಒಬ್ಬ ಮನುಷ್ಯರಾಗುತ್ತೀರಿ. ಎಷ್ಟೋ ಜನ ವೇಗ ತಗ್ಗಿಸುತ್ತಾರೆ. ತಗ್ಗಿಸಿದವರಿಗೆ ಕೈಯೆತ್ತಿ. ಹಾಗೆ ಕೈಯೆತ್ತಲು ಶುರು ಮಾಡಿದ ಮೇಲೆ ನನಗೆ ದಾರಿಯಲ್ಲಿ ಒಳ್ಳೆಯವರೂ ಕಾಣತೊಡಗಿದರು. ಮೊದಲೂ ಇದ್ದರು, ನಾನು ಎಣಿಸಿರಲಿಲ್ಲ.

ಮಗಳು ಜೊತೆಗಿದ್ದಾಗ ಅವಳನ್ನು ಹಿಂದೆ ಬಿಡಬೇಡಿ. ಅವಳು ಮುಂದೆ ಹೋಗಲಿ. ನೀವು ಅವಳ ಹಿಂದೆ, ಒಂಚೂರು ಬಲಕ್ಕೆ ಇರಿ. ಹಿಂದಿನಿಂದ ಬರುವ ಗಾಡಿಗೆ ಮೊದಲು ಕಾಣಬೇಕಾದವರು ನೀವು. ಅವಳು ಎಡವಟ್ಟು ಮಾಡಿದರೂ ನಿಮಗೆ ಕಾಣುತ್ತದೆ.

ಸೈಕಲ್ ಬಿಡಲಾ ಅಂತ ಕೇಳಿದ್ದೀರಿ. ಈಗಲೇ ನಿರ್ಧಾರ ಬೇಡ. ಭಯದಲ್ಲಿ ಬಿಟ್ಟರೆ ಆ ರಸ್ತೆ ಜೀವನಪೂರ್ತಿ ಭಯದ್ದೇ ಆಗಿ ಉಳಿಯುತ್ತದೆ. ಎರಡು ವಾರ ಬೇಕಿದ್ದರೆ ಬಸ್ಸಿನಲ್ಲಿ ಹೋಗಿ, ಅದರಲ್ಲಿ ಸೋಲು ಏನೂ ಇಲ್ಲ. ಆಮೇಲೆ ಒಳರಸ್ತೆಗಳಲ್ಲಿ, ಟ್ರಾಫಿಕ್ ಇಲ್ಲದ ಹೊತ್ತಲ್ಲಿ ಶುರು ಮಾಡಿ. ಆಗಲೂ ಕೈ ಬೆವರುತ್ತಿದ್ದರೆ, ರಾತ್ರಿ ಆ ಕಾರು ಕನಸಿಗೆ ಬರುತ್ತಿದ್ದರೆ, 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಸಹಾಯವಾಣಿ ಅದು, ಉಚಿತ. ಕನ್ನಡದಲ್ಲೇ ಮಾತಾಡಬಹುದು. ಇದನ್ನೆಲ್ಲ ಮಾಡಿದ ಮೇಲೂ ನಿಮ್ಮ ಮನಸ್ಸು ಬೇಡ ಅಂದರೆ ಬಿಟ್ಟುಬಿಡಿ. ಆ ನಿರ್ಧಾರ ನಿಮ್ಮದಾಗಿರಲಿ. ಕಿಟಕಿ ಇಳಿಸಿ ಕೂಗಿದ ಯಾವನದೋ ಆಗುವುದು ಬೇಡ.

ಆ ಆಟೋದವರು ಅದೇ ಏರಿಯಾದವರಾಗಿದ್ದರೆ ಸ್ಟ್ಯಾಂಡಿನಲ್ಲಿ ಸಿಗಬಹುದು. ಮಗಳನ್ನು ಕರೆದುಕೊಂಡು ಹೋಗಿ ಒಂದು ಥ್ಯಾಂಕ್ಸ್ ಹೇಳಿ ಬನ್ನಿ. ಅಂದು ಆ ಸಿಗ್ನಲ್‌ನಲ್ಲಿ ಅವರೂ ಇದ್ದರು ಅನ್ನುವುದು ಅವಳಿಗೂ ನೆನಪಿರಲಿ.