ಹೊಲಕ್ಕೆ ಬಿದ್ದ ಸೀಸವನ್ನು ಕಾಡುಗಿಡ ಹೀರಿ ತೆಗೆಯುತ್ತದೆಯೇ?

ಕಾರ್ಖಾನೆಗಳ ಕೆಳಗಿರುವ ಕೆರೆಯ ಗೋಡು ಹೊಡೆಸಿದ ಮೇಲೆ ಹೊಲದ ಮಣ್ಣಲ್ಲಿ ಕೆಜಿಗೆ 300 ಮಿಲಿಗ್ರಾಂ ಸೀಸ ಕಾಣಿಸಿದೆ, ಕಾಡುಗಿಡ ಬೆಳೆಸಿ ತೆಗೆಯಬಹುದಾ ಅಂತ ಕೇಳಿದ್ದೀರಿ. ನಾನೂ ಕೋಲಾರದ ಕಡೆಯವನೇ, ಮಣ್ಣು ಪರೀಕ್ಷೆ ನನ್ನ ಕೆಲಸ. ಸೀಸದ ಮಟ್ಟಿಗೆ ಆ ಆಸೆ ಬಿಡಿ.

ಲೆಕ್ಕ ಹಾಕಿ ನೋಡೋಣ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 900 ಟನ್ ತೂಗುತ್ತದೆ. ಅಂದರೆ ನಿಮ್ಮ ಎಕರೆಯಲ್ಲಿ 270 ಕೆಜಿ ಸೀಸ ಇದೆ. ಸೀಸ ಹೀರುತ್ತದೆ ಎಂದು ಹೆಸರಾದ ಸಾಸಿವೆಯನ್ನೇ ಬೆಳೆದಿರಿ ಅಂದುಕೊಳ್ಳಿ. ಧಾರಾಳವಾಗಿ 4 ಟನ್ ಒಣಗಿಡ ಬಂದು, ಅದರಲ್ಲಿ ಕೆಜಿಗೆ 100 ಮಿಲಿಗ್ರಾಂ ಸೀಸ ಏರಿದರೂ ಒಂದು ಬೆಳೆಗೆ ಹೊರಹೋಗುವುದು ಬರೀ 400 ಗ್ರಾಂ. ಮೂರರಲ್ಲಿ ಎರಡು ಪಾಲು ತೆಗೆಯಲು 450 ಬೆಳೆ ಬೇಕು! ಸೀಸ ಮಣ್ಣಿನ ಕಣಕ್ಕೆ ಗಟ್ಟಿಯಾಗಿ ಅಂಟಿರುತ್ತದೆ, ಬೇರಿಗೆ ಸುಲಭವಾಗಿ ಸಿಗುವುದಿಲ್ಲ. ಲೋಹವನ್ನು ಮಣ್ಣಿನಿಂದ ಬಿಡಿಸುವ ಇಡಿಟಿಎ ಎಂಬ ರಾಸಾಯನಿಕ ಹಾಕಿದರೆ ಸಡಿಲವಾಗುತ್ತದೆ, ನಿಜ. ಆದರೆ ಸಡಿಲವಾದದ್ದು ನೀರಿನ ಜೊತೆ ಕೆಳಗೂ ಇಳಿಯುತ್ತದೆ. ನಮ್ಮ ಕಡೆ ಕುಡಿಯೋದೇ ಬೋರ್‌ವೆಲ್ ನೀರು, ಅಲ್ವಾ?

ಹಾಗಂತ ಗಿಡಗಳಿಗೆ ಆ ಶಕ್ತಿಯೇ ಇಲ್ಲ ಅಂತಲ್ಲ. ಟೆರಿಸ್ ವಿಟ್ಟಾಟಾ ಎಂಬ ಜರಿಗಿಡ ನಮ್ಮಲ್ಲೂ ಹಳೇ ಗೋಡೆಗಳ ಮೇಲೆ ಬೆಳೆಯುತ್ತದೆ. ಅದು ಎಲೆಯಲ್ಲಿ ಆರ್ಸೆನಿಕ್ ಎಂಬ ಇನ್ನೊಂದು ವಿಷವಸ್ತುವನ್ನು ಕೂಡಿಟ್ಟುಕೊಳ್ಳುತ್ತದೆ ಎಂದು 2001ರಲ್ಲಿ ಫ್ಲೋರಿಡಾದ ವಿಜ್ಞಾನಿಗಳು ತೋರಿಸಿದರು. ಸೀಸಕ್ಕೆ ಮಾತ್ರ ಅದರಿಂದ ಉಪಯೋಗವಿಲ್ಲ.

ನಿಮ್ಮ ಹೊಲದಲ್ಲಿ ಗಿಡ ಮಾಡಬೇಕಾದ ಕೆಲಸ ಮಣ್ಣನ್ನು ಹಿಡಿದಿಡುವುದು. ಬದುವಿಗೆ ಲಾವಂಚ ಹಾಕಿ. ಬೇರು ಆಳಕ್ಕೆ ಹೋಗುತ್ತದೆ, ಹೀರಿದ ಸೀಸ ಹೆಚ್ಚಾಗಿ ಬೇರಲ್ಲೇ ಉಳಿಯುತ್ತದೆ. ಕೆಜಿಎಫ್ ಚಿನ್ನದ ಗಣಿಯ ತ್ಯಾಜ್ಯ ಸುರಿದ ಸೈನೈಡ್ ಗುಡ್ಡಗಳಿಂದ ಗಾಳಿಗೆ ಏಳುವ ದೂಳು ನೋಡಿದಾಗೆಲ್ಲ, ಅಲ್ಲೂ ಮೊದಲು ಬೇಕಿರುವುದು ಇಂಥ ಹಸಿರು ಹೊದಿಕೆಯೇ ಅನ್ನಿಸುತ್ತದೆ. ಗಣಿ ಮುಚ್ಚಿದ್ದು 2001ರಲ್ಲಿ, ದೂಳು ಇನ್ನೂ ನಿಂತಿಲ್ಲ.

ಸದ್ಯಕ್ಕೆ ಸೊಪ್ಪು, ಮೂಲಂಗಿ, ಕ್ಯಾರೆಟ್ ಬೇಡ. ಬೇರು ಹೀರುವುದಕ್ಕಿಂತ ಎಲೆಗೆ ಅಂಟುವ ಮಣ್ಣಿನಿಂದಲೇ ಸೊಪ್ಪಿಗೆ ಸೀಸ ಜಾಸ್ತಿ ಸೇರುತ್ತದೆ. ಚೆಂಡುಹೂ, ಸೇವಂತಿಗೆ ಹಾಕಿ. ಟೊಮೆಟೊ ಹಣ್ಣಿಗೆ ಏರುವುದು ತೀರಾ ಕಡಿಮೆ, ಆದರೂ ಚೆನ್ನಾಗಿ ತೊಳೆಯಬೇಕು. ಮಣ್ಣು ಹುಳಿಯಾಗಿದ್ದರೆ ಸುಣ್ಣ ಮತ್ತು ಕೊಟ್ಟಿಗೆ ಗೊಬ್ಬರ ಹಾಕಿದಾಗ ಸೀಸ ಇನ್ನೂ ಗಟ್ಟಿಯಾಗಿ ಕೂರುತ್ತದೆ. ಮಣ್ಣಲ್ಲಿ ಆರ್ಸೆನಿಕ್ ಇದ್ದರೆ ಸುಣ್ಣ ಉಲ್ಟಾ ಹೊಡೆದು ಅದನ್ನು ಸಡಿಲ ಮಾಡಬಹುದು. ಮಾಮೂಲಿ ಮಣ್ಣು ಪರೀಕ್ಷೆಯಲ್ಲಿ ಇದನ್ನೆಲ್ಲ ನೋಡುವುದಿಲ್ಲ. ಆರ್ಸೆನಿಕ್, ಕ್ಯಾಡ್ಮಿಯಂ ಎಂಬ ವಿಷಲೋಹ ಎರಡನ್ನೂ ಹೆಸರು ಹೇಳಿಯೇ ಪರೀಕ್ಷೆ ಮಾಡಿಸಿ, ಆಮೇಲೆ ಸುಣ್ಣ ಹಾಕಿ.

ಚಿಕ್ಕ ಮಕ್ಕಳನ್ನು ಆ ಮಣ್ಣಲ್ಲಿ ಆಡಲು ಬಿಡಬೇಡಿ, ದಯವಿಟ್ಟು. ಬದುವಿನ ಹುಲ್ಲು ಹಸುವಿಗೂ ಬೇಡ. ಊರಲ್ಲಿ ಬೇರೆ ಯಾರಾದರೂ ಅದೇ ಕೆರೆಯ ಗೋಡು ಹೊಡೆಸುತ್ತಿದ್ದರೆ ಇವತ್ತೇ ಹೋಗಿ ನಿಮ್ಮ ವರದಿ ತೋರಿಸಿ.