ಆರು ವರ್ಷದ ಮಗನಿಗೆ ಜಾಗರೂಕತೆ, ಜವಾಬ್ದಾರಿ ಕಲಿಸುವುದು ಹೇಗೆ?

ಒಂದನೇ ತರಗತಿಯ ಮಗ ದಿನಕ್ಕೊಂದು ಪೆನ್ಸಿಲ್ ಕಳೆದುಕೊಂಡು ಬರುತ್ತಾನೆ, ಹಾಲಿನ ಲೋಟ ಕೊಟ್ಟರೆ ಚೆಲ್ಲುತ್ತಾನೆ, ಕೇಳಿದರೆ ‘ನಾನಲ್ಲ’ ಎನ್ನುತ್ತಾನೆ, ಎರಡೇಟು ಹಾಕದೆ ಇವನಿಗೆ ಬುದ್ಧಿ ಬರುವುದೇ ಎಂದು ಕೇಳಿದ್ದೀರಿ. ನಾನು ದಾವಣಗೆರೆ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ, ಅಂದರೆ ಪುಟ್ಟ ಮಕ್ಕಳು ಚಟುವಟಿಕೆಗಳ ಮೂಲಕ ಕಲಿಯುವ ತರಗತಿಯ ಶಿಕ್ಷಕಿ. ನಿಮ್ಮ ಮಗನ ವಯಸ್ಸಿನ ಮಕ್ಕಳ ನಡುವೆಯೇ ನನ್ನ ದಿನ ಕಳೆಯುವುದರಿಂದ ಖಚಿತವಾಗಿ ಹೇಳುತ್ತೇನೆ, ಏಟು ಬೇಡ. ಏಟು ತಿಂದ ಮಗು ಚೆಲ್ಲಿದ್ದನ್ನು ಮುಚ್ಚಿಡುವುದನ್ನಷ್ಟೇ ಕಲಿಯುತ್ತದೆ. ‘ನಾನಲ್ಲ’ ಎಂಬ ಮಾತು ಹುಟ್ಟುವುದೂ ಆ ಭಯದಿಂದಲೇ.

ಹಾಲಿನ ವಿಷಯವನ್ನೇ ಮೊದಲು ತೆಗೆದುಕೊಳ್ಳೋಣ. 2013ರಲ್ಲಿ ಕ್ಷೀರಭಾಗ್ಯ ಯೋಜನೆ ಆರಂಭವಾದಾಗಿನಿಂದ ಸರ್ಕಾರಿ ಶಾಲೆಯ ಮಕ್ಕಳಿಗೆ ತಲಾ 150 ಮಿಲಿಲೀಟರ್ ಬಿಸಿ ಹಾಲು ಸಿಗುತ್ತಿದೆ. ಪುಟ್ಟ ಕೈಗಳು, ಸ್ಟೀಲ್ ಲೋಟ, ಬಿಸಿ ಹಾಲು. ಈ ಹೊತ್ತಿನಲ್ಲಿ ‘ಹುಷಾರು, ಹುಷಾರು’ ಎಂದು ಕೂಗಿದರೆ ಮಗು ತಲೆಯೆತ್ತಿ ನಮ್ಮ ಮುಖ ನೋಡುತ್ತದೆ, ಅಷ್ಟರಲ್ಲಿ ಲೋಟ ವಾಲಿರುತ್ತದೆ. ಆದ್ದರಿಂದ ಮಾಡಬೇಕಾದುದನ್ನು ಬಿಡಿಬಿಡಿಯಾಗಿ ಮಾಡಿ ತೋರಿಸಬೇಕು: ಹಾಲು ಹಿಡಿಯುವಷ್ಟು ಆರಲಿ, ಲೋಟ ಕಂಠಮಟ್ಟ ತುಂಬದಿರಲಿ, ಒಂದು ಕೈ ನಡುವಿಗೆ, ಇನ್ನೊಂದು ಕೈ ತಳಕ್ಕೆ, ಕೂತ ಮೇಲೆಯೇ ಕುಡಿಯುವುದು. ಇಷ್ಟಾದರೂ ಕೆಲವೊಮ್ಮೆ ಚೆಲ್ಲುತ್ತದೆ. ಆಗ ಮಗುವಿನ ಕೈಗೆಟಕುವ ಮೊಳೆಯಲ್ಲಿ ನೇತುಹಾಕಿರುವ ಬಟ್ಟೆಯನ್ನು ಅದೇ ತಂದು ಒರೆಸಬೇಕು, ಹಿಂಡಿ ಮತ್ತೆ ಅಲ್ಲಿಯೇ ಹಾಕಬೇಕು. ಬೈಗುಳ ಇಲ್ಲದಿದ್ದರೆ ಮಕ್ಕಳು ಈ ಕೆಲಸವನ್ನು ಬಹಳ ಗಂಭೀರವಾಗಿ ಮಾಡುತ್ತಾರೆ, ನಾವು ಸಾಕು ಎಂದರೂ ಇನ್ನೊಮ್ಮೆ ಒರೆಸುತ್ತಾರೆ. ನಾವು ಮರೆಯಬಾರದ ಒಂದು ಸಂಗತಿಯೆಂದರೆ, ಒರೆಸಿದ ಮಗುವಿನ ಕೈಗೆ ಮತ್ತೆ ಲೋಟ ಕೊಡುವುದು. ‘ಬಿಡು, ನಾನೇ ಕುಡಿಸುತ್ತೇನೆ’ ಎಂದರೆ ಕಲಿಕೆ ಅಲ್ಲಿಗೇ ನಿಂತಿತು.

ಇಟಲಿಯ ಶಿಕ್ಷಣತಜ್ಞೆ ಮಾರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್ ನಗರದಲ್ಲಿ ‘ಮಕ್ಕಳ ಮನೆ’ ಎಂಬ ತಮ್ಮ ಮೊದಲ ಶಾಲೆಯನ್ನು ತೆರೆದರು. ಪುಟ್ಟ ಮಕ್ಕಳ ಕೈಗೆ ಒಡೆಯುವಂಥ ಗಾಜಿನ ಮತ್ತು ಪಿಂಗಾಣಿಯ ಪಾತ್ರೆಗಳನ್ನೇ ಕೊಡುವುದು ಅವರ ಕ್ರಮವಾಗಿತ್ತು. ಎಸೆದರೂ ಏನೂ ಆಗದ ಪ್ಲಾಸ್ಟಿಕ್ ತಟ್ಟೆಯನ್ನು ಮಗು ಜೋಪಾನ ಮಾಡಬೇಕಾದ ಕಾರಣವಾದರೂ ಏನಿದೆ?

ಪೆನ್ಸಿಲ್‌ಗೆ ಬರೋಣ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿಯಲ್ಲಿ ಮಗು ತನ್ನ ಹಂತದ ಕಾರ್ಡನ್ನು ತಾನೇ ಹುಡುಕಿ ತರುತ್ತದೆ, ಚಟುವಟಿಕೆ ಮುಗಿಸಿ ಅದನ್ನು ತೆಗೆದ ಜಾಗದಲ್ಲಿಯೇ ಇಡುತ್ತದೆ. ಇಡದಿದ್ದರೆ ಆ ಕಾರ್ಡಿಗಾಗಿ ಕಾಯುವ ಇನ್ನೊಂದು ಮಗು ಬಂದು ಕೇಳುತ್ತದೆ, ಆ ಕೇಳಿಕೆಗೆ ಇರುವ ಬೆಲೆ ನಮ್ಮ ಉಪದೇಶಕ್ಕಿಲ್ಲ. ಮನೆಯಲ್ಲಿಯೂ ಪೆನ್ಸಿಲ್‌ಗೆ ಒಂದು ಜಾಗ ಗೊತ್ತುಮಾಡಿ, ಚೀಲವನ್ನು ರಾತ್ರಿಯೇ ಅವನೇ ಜೋಡಿಸಿಡಲಿ. ಕಳೆದುಕೊಂಡು ಬಂದ ಸಂಜೆಯೇ ಹೊಸದನ್ನು ತರಬೇಡಿ. ಮನೆಯಲ್ಲಿರುವ ಮೋಟು ಪೆನ್ಸಿಲ್ ನಾಲ್ಕು ದಿನ ನಡೆಯಲಿ.

ಇದಲ್ಲದೆ ಮನೆಮಂದಿಗೆಲ್ಲ ಬೇಕಾದ ಒಂದು ನಿಜವಾದ ಕೆಲಸವೂ ಅವನ ಪಾಲಿಗೆ ಇರಲಿ. ನಮ್ಮ ಕಡೆ ನಲ್ಲಿಯಲ್ಲಿ ದಿನವೂ ನೀರು ಬರುವುದಿಲ್ಲ. ನೀರು ಬಿಟ್ಟ ದಿನ ಕೊಡದ ಪಕ್ಕದಲ್ಲಿ ನಿಂತು, ನೀರು ಕಂಠಕ್ಕೆ ಬಂದೊಡನೆ ನಲ್ಲಿ ನಿಲ್ಲಿಸುವುದನ್ನು ಆರು ವರ್ಷದ ಮಗು ಚೆನ್ನಾಗಿ ಮಾಡಬಲ್ಲದು. ಅದೇ ಬೀದಿಯ ಅಂಗಡಿಯಿಂದ ಮಂಡಕ್ಕಿ ತರುವುದು ಇನ್ನೊಂದು, ಹಗುರ, ಬಿದ್ದರೂ ಒಡೆಯುವುದಿಲ್ಲ, ಚಿಲ್ಲರೆ ಎಣಿಸಿ ತರುವ ಅಭ್ಯಾಸವೂ ಆಗುತ್ತದೆ. ಒಪ್ಪಿಸಿದ ಮೇಲೆ ಬೆನ್ನ ಹಿಂದೆ ಹೋಗಿ ನಲ್ಲಿ ನಿಲ್ಲಿಸಬೇಡಿ.

ಆದರೆ ತಪ್ಪಿನಿಂದ ಕಲಿಯಲಿ ಎಂದು ಬಿಡಬಾರದ ಸಂಗತಿಗಳೂ ಇವೆ, ಇಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವುದಿಲ್ಲ. ಭದ್ರಾ ನಾಲೆಗೆ ನೀರು ಬಿಟ್ಟಾಗ ಮೇಲೆ ಶಾಂತವಾಗಿ ಕಂಡರೂ ಸೆಳೆತ ಜೋರಿರುತ್ತದೆ, ಪಾಚಿ ಕಟ್ಟಿದ ಇಳಿಜಾರು ಕಾಂಕ್ರೀಟಿನ ಮೇಲೆ ಕಾಲು ಜಾರಿದರೆ ಹಿಡಿದುಕೊಂಡು ಮೇಲೆ ಬರಲು ಏನೂ ಸಿಗುವುದಿಲ್ಲ, ದೊಡ್ಡವರಿಗೂ ಸಿಗುವುದಿಲ್ಲ. ಬರುವ ವಾಹನದ ವೇಗವನ್ನು ಅಳೆಯುವ ಶಕ್ತಿ ಈ ವಯಸ್ಸಿಗೆ ಇನ್ನೂ ಬಂದಿರುವುದಿಲ್ಲವಾದ್ದರಿಂದ, ಅವನು ಎಷ್ಟೇ ಚುರುಕಾಗಿದ್ದರೂ ದೊಡ್ಡ ರಸ್ತೆಯನ್ನು ಒಬ್ಬನೇ ದಾಟಬಾರದು. ನಾಲೆ, ರಸ್ತೆ, ಗ್ಯಾಸ್ ಒಲೆ, ಕರೆಂಟು, ಇವುಗಳ ಹೊಣೆ ಪೂರ್ತಿಯಾಗಿ ದೊಡ್ಡವರದು; ‘ಹೇಳಿದ್ದೆ, ಕೇಳಲಿಲ್ಲ’ ಎಂಬ ಸಮಾಧಾನಕ್ಕೆ ಇಲ್ಲಿ ಅರ್ಥವಿಲ್ಲ. ಬೈಕಿನಲ್ಲಿ ನಾಲ್ಕು ವರ್ಷ ಮೀರಿದ ಮಕ್ಕಳಿಗೂ ಹೆಲ್ಮೆಟ್ ಕಡ್ಡಾಯ ಎನ್ನುತ್ತದೆ ಕಾನೂನು. ತನ್ನ ಹೆಲ್ಮೆಟ್ ತಂದು ಹಾಕಿಕೊಳ್ಳುವುದು ಅವನ ಕೆಲಸವಾಗಲಿ, ಅದಿಲ್ಲದೆ ಗಾಡಿ ಹೊರಡಿಸದಿರುವುದು ನಿಮ್ಮದು.

ಕೊನೆಯದಾಗಿ, ನಮ್ಮ ಮನೆಗಳಲ್ಲಿ ಹೆಣ್ಣುಮಗುವಿಗೆ ಐದನೇ ವಯಸ್ಸಿಗೇ ಪೊರಕೆ ಕೊಡುವ ನಾವು, ಗಂಡುಮಗುವಿನ ತಟ್ಟೆಯನ್ನು ಹತ್ತು ವರ್ಷವಾದರೂ ಎತ್ತುತ್ತಿರುತ್ತೇವೆ. ಅಜ್ಜಿ ಇದ್ದರಂತೂ ಮೊಮ್ಮಗನ ಕೈಯಿಂದ ಕಸಿದು ತಾವೇ ತೊಳೆಯುತ್ತಾರೆ. ಅವರಿಗೆ ಬೇಸರವಾಗದಂತೆ ಹೇಳಿ, ತಟ್ಟೆ ಹೇಗೆ ಉಜ್ಜಬೇಕೆಂದು ಪಕ್ಕದಲ್ಲಿ ಕೂತು ತೋರಿಸುವ ಕೆಲಸವನ್ನು ಅವರಿಗೇ ವಹಿಸಿ. ಇಂದಿನ ರಾತ್ರಿಯೂಟದಿಂದಲೇ ಅವನು ತನ್ನ ತಟ್ಟೆಯನ್ನು ತಾನೇ ಎತ್ತಲಿ, ಅವನ ಅಪ್ಪನೂ ಎತ್ತಲಿ.